ಗೆಂಡೆ ಮೀನಿನ ಗಂಟಲ ಹಲ್ಲು

ನಮ್ಮ ಯಜಮಾನರ ಬಾಯಲ್ಲಿ ಸ್ವಂತದ್ದು ಅಂತ ಒಂದು ಹಲ್ಲೂ ಇಲ್ಲ. ಮೇಲಿನದು, ಕೆಳಗಿನದು ಎರಡೂ ಕಟ್ಟಿಸಿದ್ದು. ಮಗಳು ಹಟ ಹಿಡಿದು ಕಟ್ಟಿಸಿದಳು. ಮೇಲಿನ ಸೆಟ್ಟಿಗೆ ಅಂಗುಳನ್ನೆಲ್ಲ ಮುಚ್ಚುವ ಗುಲಾಬಿ ಬಣ್ಣದ ತಟ್ಟೆಯೊಂದಿದೆ. ಅದು ಕೂತಿತೆಂದರೆ ಬಾಯಲ್ಲಿರುವುದು ಬಿಸಿಯೋ ತಣ್ಣಗಿದೆಯೋ, ಮುಳ್ಳೋ ಮಾಂಸವೋ ಗೊತ್ತಾಗುವುದಿಲ್ಲ ಎಂದು ಅವರೇ ದಿನಾ ಗೊಣಗುತ್ತಿದ್ದರು. ಗೊಣಗಿದ್ದು ಅವರ ತಲೆಯಲ್ಲಿ ನಿಂತಿದ್ದರೆ ನಾನು ಇದನ್ನು ಬರೆಯಬೇಕಾಗಿರಲಿಲ್ಲ.

ನಾವಿರುವುದು ವಿದ್ಯಾರಣ್ಯಪುರಂನಲ್ಲಿ. ಮುಂದಿನ ಕೋಣೆಯಲ್ಲಿ ಮಗಳ ಹೊಲಿಗೆ ಮಿಷನ್ನು, ನಡುಮನೆಯಲ್ಲಿ ಟಿವಿ, ಹಿಂದೆ ಅಡುಗೆಮನೆ, ಅದರಾಚೆ ಬಟ್ಟೆ ಒಗೆಯುವ ಕಲ್ಲು. ಯಜಮಾನರು ಬಸ್ ಡಿಪೋದಲ್ಲಿ ರಿಪೇರಿ ಕೆಲಸ ಮಾಡಿ ರಿಟೈರ್ ಆದವರು. ನಾನು ಕೈ ಓಡುವಷ್ಟು ಕಾಲ ಮನೆಯಲ್ಲೇ ಕೂತು ಊದುಬತ್ತಿ ಹೊಸೆದವಳು. ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟೆ. ಮಗಳ ಮಗಳು ಬಿಎಸ್ಸಿ ಓದುತ್ತಾಳೆ. ಪ್ರಾಣಿಗಳ ವಿಷಯ. ಹಲ್ಲಿ, ಕಪ್ಪೆ, ಮೀನು ಎಲ್ಲದರ ಒಳಗೇನಿದೆ ಎಂದು ಓದುವುದು. ನನಗೆ ಅದರಲ್ಲಿ ಆಸಕ್ತಿ ಇರಲಿಲ್ಲ. ಮೀನಿನ ಒಳಗೆ ಏನಿದೆ ಎಂದು ಓದಿ ತಿಳಿಯಬೇಕೇ, ಕುಯ್ದರೆ ಕಾಣುತ್ತದಲ್ಲ ಎಂದುಕೊಂಡಿದ್ದೆ. ಕುಯ್ದರೂ ಕಾಣದೇ ಹೋಗುವುದು ಇದೆ ಎಂದು ಆಮೇಲೆ ಗೊತ್ತಾಯಿತು.

ಭಾನುವಾರ ನಮ್ಮಲ್ಲಿ ಮೀನು. ಸಮುದ್ರದ ಮೀನು ಯಜಮಾನರಿಗೆ ಆಗುವುದಿಲ್ಲ, ಉಪ್ಪುನೀರಿನ ವಾಸನೆ ಅನ್ನುತ್ತಾರೆ. ಕೆರೆಯದ್ದೇ ಆಗಬೇಕು. ಅದರಲ್ಲೂ ಗೆಂಡೆ. ದೊಡ್ಡ ಮೀನು ತಂದರೆ ತಲೆ ಅವರಿಗೆ. ಅವರ ಅಪ್ಪನಿಗೂ ಹಾಗೆಯೇ ಇಡುತ್ತಿದ್ದರು. ಮೀನು ಸಾರಿನ ಜೊತೆ ರಾಗಿಮುದ್ದೆ. ಮುದ್ದೆಯನ್ನು ನಮ್ಮ ಕಡೆ ಯಾರೂ ಅಗಿಯುವುದಿಲ್ಲ. ಮುರಿದು, ಸಾರಿನಲ್ಲಿ ಹೊರಳಿಸಿ, ಹಾಗೇ ನುಂಗುವುದು. ಅಗಿದರೆ ಹಲ್ಲಿಗೆ ಮೆತ್ತಿಕೊಳ್ಳುತ್ತದೆ, ರುಚಿಯೂ ಕೆಡುತ್ತದೆ. ಇನ್ನು ಗಂಟಲಿಗೆ ಮುಳ್ಳು ಸಿಕ್ಕಿದರೆ ಏನು ಮಾಡುವುದು? ಅದಕ್ಕೂ ಮುದ್ದೆಯೇ. ದೊಡ್ಡದೊಂದು ತುತ್ತು ಮುರಿದು ನುಂಗಿದರೆ ಮುಳ್ಳು ಅದರ ಜೊತೆ ಇಳಿದುಹೋಗುತ್ತದೆ. ನನ್ನ ಅತ್ತೆ ಹೇಳಿಕೊಟ್ಟದ್ದು, ಅವರಿಗೆ ಅವರ ಅತ್ತೆ. ಸಣ್ಣ ಮುಳ್ಳು ಎಷ್ಟೋ ಸಲ ಇಳಿದೂ ಇದೆ.

ಒಂದು ಶನಿವಾರ ಸಾಯಂಕಾಲ. ಯಜಮಾನರು ಸೆಟ್ ಬಿಚ್ಚಿ ಸ್ಟೀಲ್ ಲೋಟದ ನೀರಿನಲ್ಲಿ ಜಾಲಾಡಿಸುತ್ತಿದ್ದರು. ಮೊಮ್ಮಗಳು ಪರೀಕ್ಷೆಗೆ ಗಟ್ಟಿಯಾಗಿ ಓದಿಕೊಳ್ಳುತ್ತಿದ್ದಳು. ಓದು ನಿಲ್ಲಿಸಿ ತಾತನ ಕಡೆ ತಿರುಗಿದಳು.

"ಶಾರ್ಕಿಗೆ ಹಲ್ಲು ಬಿದ್ದಷ್ಟೂ ಬರ್ತಾನೇ ಇರತ್ತೆ ತಾತ. ಹಿಂದ್ಗಡೆ ಸಾಲಾಗಿ ರೆಡಿ ಇರತ್ತೆ. ಮುಂದಿಂದು ಬಿದ್ರೆ ಹಿಂದಿಂದು ಮುಂದಕ್ಕೆ ಬಂದ್ ನಿಂತ್ಕೊಳತ್ತೆ."

"ನಮ್ ಡಿಪೋಲಿ ಸ್ಪೇರ್ ಬಸ್ ಇಟ್ಟಂಗೆ."

"ಹಂಗೇ ಅನ್ಕೋ."

"ಮತ್ತೆ ನಂಗ್ಯಾಕ್ ಬರ್ಲಿಲ್ಲ?"

"ನಮ್ಗೆಲ್ಲ ಎರಡೇ ಸಲ. ಹಾಲುಹಲ್ಲು ಒಂದ್ಸಲ, ಆಮೇಲೊಂದ್ಸಲ. ಮುಗೀತು."

"ನೋಡೇ, ದೇವ್ರು ಮೀನಿಗ್ ಕೊಟ್ಟವ್ನೆ, ನಂಗ್ ಕೊಡ್ಲಿಲ್ಲ," ಎಂದು ನನ್ನ ಕಡೆ ತಿರುಗಿದರು.

"ಕೊಟ್ಟಿದ್ನ ಹೊಗೆಸೊಪ್ಪು ಹಾಕ್ಕಂಡು ಕಳ್ಕಂಡ್ರಿ. ಅದ್ಕೆ ದೇವ್ರೇನ್ ಮಾಡ್ತಾನೆ," ಎಂದೆ.

ಮೊಮ್ಮಗಳಿಗೆ ನಗು ಬಂತು. ಅಲ್ಲಿಗೇ ಬಿಟ್ಟಿದ್ದರೆ ಆಗಿತ್ತು. "ನೀನು ತಿನ್ನೋ ಗೆಂಡೆಗೂ ಹಂಗೇ ತಾತ, ಬಿದ್ದಂಗೆ ಬರ್ತಾ ಇರತ್ತೆ. ಆದ್ರೆ ಅದ್ಕೆ ಬಾಯಲ್ಲಿ ಒಂದೂ ಹಲ್ಲಿಲ್ಲ. ಇರೋದು ಗಂಟಲಲ್ಲಿ," ಎಂದಳು.

"ಏನಿರೋದು?"

"ಹಲ್ಲು."

ಯಜಮಾನರು ಬೊಚ್ಚು ಬಾಯಿ ತೆಗೆದು ನಕ್ಕರು. ಸೆಟ್ ಇಲ್ಲದಾಗ ಅವರ ನಗು ಜಾಸ್ತಿ. "ಗಂಟ್ಲಲ್ಲಿ ಹಲ್ಲಿದ್ರೆ ಬ್ರಶ್ ಎಲ್ಲಿಂದ ತೂರುಸ್ತದಂತೆ? ಹುಟ್ಟಿದಾಗಿಂದ ಗೆಂಡೆ ತಿಂತಾ ಇವ್ನಿ ಕಣವ್ವ. ಯಾವತ್ತೂ ನನ್ನ ಕಚ್ಚಿಲ್ಲ." ಆಮೇಲೆ ನನ್ನನ್ನು ಸಾಕ್ಷಿಗೆ ಕರೆದರು. "ಹೇಳೇ, ನೀನೆಷ್ಟ್ ಮೀನು ಕುಯ್ದಿದೀಯ, ಒಂದಿನ ಹಲ್ಲು ನೋಡಿದೀಯ?"

ನಾನು ನೋಡಿರಲಿಲ್ಲ, ಇಲ್ಲ ಅಂದೆ. ಆಗೆಲ್ಲ ಮೀನನ್ನು ಇಡಿಯಾಗಿ ತಂದು ಮನೆಯಲ್ಲೇ ಬೂದಿ ಹಾಕಿ ಕಲ್ಲಿನ ಮೇಲೆ ಉಜ್ಜುತ್ತಿದ್ದೆವು. ಹುರುಪೆ ಹೆರೆದ ಮೇಲೆ ಕೆನ್ನೆಯ ಮುಚ್ಚಳ ಎತ್ತಿ, ಒಳಗೆ ಬೆರಳು ಹಾಕಿ, ಕೆಂಪಗಿನ ಕಿವಿರನ್ನು ತಿರುಚಿ ಎಳೆದರೆ ಅದರ ಹಿಂದೆಯೇ ಗಟ್ಟಿಯಾದ್ದೊಂದು ಬರುತ್ತಿತ್ತು. ಗಂಟಲ ಕಲ್ಲು ಅನ್ನುತ್ತಿದ್ದೆವು. ಕಾಗೆಗೆ ಎಸೆಯುತ್ತಿದ್ದೆವು. ಎಸೆಯುವ ವಸ್ತುವನ್ನು ಯಾರು ತಿರುಗಿಸಿ ನೋಡುತ್ತಾರೆ?

"ನಾಳೆ ನೋಡೇ ಬುಡಾಣ," ಎಂದರು ಯಜಮಾನರು. "ಹಲ್ಲು ಸಿಕ್ರೆ ನನ್ ಸೆಟ್ಟು ನಿಂದು. ಸಿಗ್ಲಿಲ್ಲ ಅಂದ್ರೆ ನಿನ್ ಪರೀಕ್ಷೆ ಮುಗಿಯಗಂಟ ಉಣ್ಣೋ ಹೊತ್ನಲ್ಲಿ ಮೀನಿನ್ ಪುರಾಣ ಎತ್ತಂಗಿಲ್ಲ."

"ಥೂ, ನಿನ್ ಸೆಟ್ ನಂಗ್ಯಾಕೆ," ಎಂದಳು ಅವಳು. ಆದರೂ ಕೈ ಮೇಲೆ ಕೈ ಹೊಡೆದುಕೊಂಡರು.

ಭಾನುವಾರ ಬೆಳಿಗ್ಗೆ ಅವರೇ ಚೀಲ ಹಿಡಿದು ಅಂಗಡಿಗೆ ಹೋದರು. ಈಗ ಅಂಗಡಿಯವನೇ ಹೆರೆದು, ಕುಯ್ದು, ತೊಳೆದು ಕೊಡುತ್ತಾನೆ. ತಲೆಯ ಒಳಗಿನದನ್ನೆಲ್ಲ ಕಿತ್ತು ಬುಟ್ಟಿಗೆ ಹಾಕುತ್ತಾನೆ. ಇದರ ಬಗ್ಗೆ ಯಜಮಾನರಿಗೆ ಹಳೆಯ ಅನುಮಾನವೊಂದು ಇತ್ತು. ಗೆಂಡೆಯ ಗಂಟಲ ಹತ್ತಿರ ಮೆತ್ತಗಿನ ಮಾಂಸದ ಗಡ್ಡೆ ಇರುತ್ತದೆ, ಬಾಯಿಗಿಟ್ಟರೆ ಕರಗುತ್ತದೆ. ಅಂಗಡಿಯವರು ಅದನ್ನು ತಮಗೆ ಎತ್ತಿಟ್ಟುಕೊಂಡು ಗಿರಾಕಿಗೆ ಬರಿ ಬುರುಡೆ ಕೊಡುತ್ತಾರೆ ಎಂದು ಅವರ ಲೆಕ್ಕ. ಅವತ್ತು ಪಂದ್ಯವೂ ಸೇರಿಕೊಂಡಿತು. ಅಂಗಡಿಯಲ್ಲಿ ಏನಾಯಿತು ಎಂದು ಬಂದು ಅವರೇ ದೊಡ್ಡ ಸಾಹಸದ ಹಾಗೆ ಹೇಳಿದರು.

"ತಲೆ ಒಳಗೆ ಕೈ ಹಾಕ್ಬೇಡ ಅಂದೆ. ಕಿವಿರು ಕಹಿ ಬತ್ತದೆ ಯಜಮಾನ್ರೇ ಅಂದ. ಕಿವಿರು ತಗಿ, ಗಂಟ್ಲು ಬುಡು ಅಂದೆ. ಮುಖ ಮುಖ ನೋಡ್ದ. ಕಳ್ಳ, ಸಿಕ್ಕಾಕ್ಕಂಡ ನೋಡು."

ಅವನು ತಲೆಯನ್ನು ಕತ್ತಿಯಲ್ಲಿ ನಡುವೆ ಸೀಳಿ ಎರಡು ಹೋಳು ಮಾಡಿ ಕಳಿಸಿದ್ದ. ಗಂಟಲು ಇದ್ದ ಹಾಗೇ ಇತ್ತು. ನಾನು ಹುಣಸೆಹಣ್ಣು ಕಿವುಚಿ, ಖಾರ ಕಾಯಿ ರುಬ್ಬಿ ಸಾರು ಮಾಡಿದೆ. ಕುದಿಯುವ ನೀರಿಗೆ ಹಿಟ್ಟು ಹಾಕಿ ಕೋಲಿನಲ್ಲಿ ತಿರುವಿ ಮುದ್ದೆ ತೊಳಸಿದೆ.

ಊಟಕ್ಕೆ ಕೂತಾಗ ಎರಡು ಹೋಳು ತಲೆಯನ್ನೂ ಅವರ ತಟ್ಟೆಗೇ ಇಟ್ಟೆ. ಮೊಮ್ಮಗಳು ಪಕ್ಕಕ್ಕೆ ಬಂದು, "ತಾತ, ಆ ಗಂಟಲಿನ ಭಾಗ ನಂಗ್ ಕೊಡು, ಬಿಡಿಸಿ ತೋರಿಸ್ತೀನಿ," ಎಂದಳು.

ಅವರು ತಟ್ಟೆಗೆ ಕೈ ಅಡ್ಡ ಹಿಡಿದರು. "ಮುಟ್ಬೇಡ. ನೀನ್ ಮುಟ್ಟಿದ್ರೆ ಕಾಲೇಜಿಂದ ಒಂದು ತಂದು ಅದ್ರೊಳಗೆ ಇಟ್ಬುಡ್ತೀಯ. ನಾನೇ ಹುಡುಕ್ತೀನಿ, ಬಾಯಲ್ಲೇ."

"ಹುಷಾರು ತಾತ, ಚೂಪಿರತ್ತೆ."

"ಇಲ್ದೇ ಇರೋದು ಎಂಗ್ ಚೂಪಿದ್ದದು?"

ಮೊದಲನೇ ಹೋಳನ್ನು ಚೀಪಿ ಚೀಪಿ, ಉಳಿದದ್ದನ್ನು ತಟ್ಟೆಯ ಅಂಚಿಗೆ ಇಟ್ಟರು. ಎರಡನೆಯದನ್ನು ಕೈಯಲ್ಲಿ ಮುರಿದರು. ಅದು ಚಟ್ ಅಂದದ್ದು ನನಗೂ ಕೇಳಿಸಿತು. ಮುರಿದ ಚೂರನ್ನು ಸೆಟ್ ತೊಟ್ಟ ಬಾಯಿಗೆ ಹಾಕಿ ಸ್ವಲ್ಪ ಹೊತ್ತು ಆಡಿಸಿದರು. ಆಮೇಲೆ, ರೂಢಿ ನೋಡಿ, ಒಂದು ತುತ್ತು ಮುದ್ದೆ ಹೊರಳಿಸಿ ಬಾಯಿಗಿಟ್ಟು ನುಂಗಿದರು. ನುಂಗಿದವರು ಹಾಗೇ ಕೂತುಬಿಟ್ಟರು. ಕಣ್ಣಲ್ಲಿ ನೀರು ಬಂತು.

"ಏನಾಯ್ತು?" ಎಂದೆ.

"ಖಾರ," ಎಂದರು.

ಖಾರ ಅವತ್ತು ಕಮ್ಮಿಯೇ ಇತ್ತು. ನೀರು ಕುಡಿದರು. ಇನ್ನೊಂದು ತುತ್ತು ಮುದ್ದೆ ಮುರಿದರು, ಮೊದಲಿನದಕ್ಕಿಂತ ದೊಡ್ಡದು, ಸಾರು ಕೂಡ ಮುಟ್ಟಿಸದೆ ನುಂಗಿದರು. ಆಗ ನನಗೆ ಗೊತ್ತಾಯಿತು ಮುಳ್ಳು ಸಿಕ್ಕಿದೆ ಎಂದು. ಇಳಿದುಹೋಗುತ್ತದೆ ಎಂದು ಸುಮ್ಮನಿದ್ದೆ.

"ಸಿಕ್ತಾ ತಾತ ಹಲ್ಲು?" ಎಂದು ಕೇಳಿದಳು ಮೊಮ್ಮಗಳು.

"ಎಲ್ ಹಲ್ಲು? ಹಲ್ಲೂ ಇಲ್ಲ ಗಿಲ್ಲೂ ಇಲ್ಲ," ಎಂದು ಎದ್ದು ಕೈ ತೊಳೆದರು. ಗೆದ್ದವರು ಹೇಳುವ ಮಾತು. ಆದರೆ ದನಿ ಬೇರೆಯವರದಿದ್ದ ಹಾಗಿತ್ತು.

ಸಾಯಂಕಾಲ ಕಾಫಿ ಬೇಡ ಅಂದರು. ಅವರು ಹಿಂದೆ ಯಾವತ್ತಾದರೂ ಕಾಫಿ ಬೇಡ ಅಂದದ್ದು ನನಗೆ ನೆನಪಿಲ್ಲ. ಒಂದು ಬಾಳೆಹಣ್ಣು ತಿನ್ನಲು ನೋಡಿ ಅರ್ಧಕ್ಕೆ ಬಿಟ್ಟರು. ಹೊರಗೆ ಮೆಟ್ಟಿಲ ಮೇಲೆ ಕೂತು ಉಗುಳುತ್ತಿದ್ದರು. ಮಗಳು ಮಿಷನ್ ನಿಲ್ಲಿಸಿ, "ಯಾಕಪ್ಪ, ಏನಾಯ್ತು?" ಎಂದರೆ, "ಪಿತ್ತ," ಎಂದರು. ಬೆಳಿಗ್ಗೆ ಎದ್ದಾಗ ಕೈಯಲ್ಲಿ ಲೋಟ ಹಿಡಿದಿದ್ದರು. ಎಂಜಲನ್ನೂ ನುಂಗಲಾರದೆ ಅದಕ್ಕೆ ಉಗುಳುತ್ತಿದ್ದರು. ಕತ್ತನ್ನು ಒಂದೇ ಕಡೆ ನೆಟ್ಟಗೆ ಹಿಡಿದುಕೊಂಡಿದ್ದರು, ಬಿಂದಿಗೆ ಹೊತ್ತವರ ಹಾಗೆ.

"ಮುಳ್ಳು ಸಿಕ್ಕದೆ. ಆಸ್ಪತ್ರೆಗೆ ನಡೀರಿ," ಎಂದೆ.

ಇಲ್ಲ ಎಂದು ಕೈ ಆಡಿಸಿದರು. ಆಮೇಲೆ ಮೆಲ್ಲಗೆ, ಉಸಿರಿನಲ್ಲೇ, "ಇನ್ನೊಂದ್ ಮುದ್ದೆ ತೊಳ್ಸು. ಬಿಸಿಬಿಸಿ. ಇಳ್ದೋಯ್ತದೆ," ಎಂದರು.

"ತೊಳಸಲ್ಲ."

ಮದುವೆಯಾದಾಗಿಂದ ಬೈದಿದ್ದೇನೆ, ಮಾತು ಬಿಟ್ಟಿದ್ದೇನೆ, ಮುದ್ದೆ ಮಾತ್ರ ಇಲ್ಲ ಅಂದಿರಲಿಲ್ಲ. ಅವರು ನನ್ನ ಮುಖವನ್ನೇ ನೋಡಿದರು. ಅವರ ಕಷ್ಟ ನನಗೆ ಗೊತ್ತಿತ್ತು. ಮುಳ್ಳು ಅಂದರೆ ಯಾವ ಮುಳ್ಳು ಎಂಬ ಮಾತು ಬರುತ್ತದೆ. ಮೊಮ್ಮಗಳ ಮುಂದೆ ಸೋತಂತಾಗುತ್ತದೆ. ಅವಳು ಮೂಲೆಯಲ್ಲಿ ನಿಂತು ಆಗಲೇ ಅಳುತ್ತಿದ್ದಳು, ಅವಳಿಗೆ ಪಂದ್ಯದ ನೆನಪೂ ಇರಲಿಲ್ಲ. ಇವರಿಗಿತ್ತು.

"ಸೋತೆ ಅಂತ ಒಪ್ಕಂಡ್ರೆ ಸಾಯಲ್ಲ ಕಣ್ರೀ," ಎಂದೆ. "ಒಪ್ಪದೆ ಕೂತ್ರೆ ಸಾಯ್ತೀರ."

"ಅವ್ವ!" ಎಂದು ಮಗಳು ನನ್ನನ್ನು ಗದರಿದಳು. ಇದ್ದದ್ದನ್ನು ಹೇಳಿದೆ ಅಷ್ಟೇ.

ಅಷ್ಟು ಹೊತ್ತಿಗೆ ಬೀದಿ ಕೊನೆಯಲ್ಲಿ ಕಸದ ಗಾಡಿಯ ಹಾಡು ಕೇಳಿಸಿತು. ನಮ್ಮ ಹಸಿ ಕಸದ ಬಕೆಟ್ಟನ್ನು ಮಗಳು ಆಗಲೇ ಗೇಟಿನ ಹೊರಗೆ ಇಟ್ಟು ಬಂದಿದ್ದಳು. ಮೊಮ್ಮಗಳು ಇದ್ದಕ್ಕಿದ್ದಂತೆ ಕಣ್ಣೊರೆಸಿಕೊಂಡು ಹೊರಗೆ ಓಡಿದಳು. ಗಾಡಿಯ ಹೆಂಗಸು ಬಕೆಟ್ ಎತ್ತಿ ಸುರಿಯುವುದರಲ್ಲಿದ್ದಳು. ಇವಳು ಕಿತ್ತುಕೊಂಡಳು. "ಕಸಾನೂ ಕೊಡಾಕಿಲ್ವ ನಿಮ್ ಮನೇಲಿ?" ಎಂದು ಆಕೆ ಕೂಗಿದ್ದು ಒಳಗೆ ಕೇಳಿಸಿತು. ಇವಳು ಬಕೆಟ್ಟನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಸುರಿದು, ಭಾನುವಾರದ ಮೀನಿನ ಮುಳ್ಳು ಸುತ್ತಿ ಹಾಕಿದ್ದ ಪೇಪರ್ ಪೊಟ್ಟಣ ಬಿಚ್ಚಿ, ತಾತ ಚೀಪಿಟ್ಟ ಮೊದಲನೇ ಹೋಳನ್ನು ಹುಡುಕಿ ತೆಗೆದಳು. ಉಗುರಿನಿಂದ ಕೆದಕಿ, ನಲ್ಲಿ ಕೆಳಗೆ ತೊಳೆದು, ನನ್ನ ಅಂಗೈಯಲ್ಲಿಟ್ಟಳು.

ಮಡಚಿದ ಕಿರುಬೆರಳಿನಷ್ಟು ಉದ್ದದ ಬಾಗಿದ ಮೂಳೆ. ಒಂದು ಕೊನೆ ಕೊಂಡಿಯ ಹಾಗೆ ಚೂಪು. ನಡುವೆ ಅದಕ್ಕೇ ಅಂಟಿಕೊಂಡು ಹಲ್ಲು. ಮುಳ್ಳಿನಂಥ ಹಲ್ಲಲ್ಲ, ದವಡೆ ಹಲ್ಲು. ಮೇಲೆ ಚಪ್ಪಟೆ, ಅರೆದು ಅರೆದು ಸವೆದ ಗೆರೆ. ಮನುಷ್ಯರ ಮಗುವಿನ ಬಾಯಿಂದ ಬಿದ್ದದ್ದು ಅಂದರೆ ನಂಬಬೇಕು. ಊದುಬತ್ತಿ ಹೊಸೆದು ನನ್ನ ಹೆಬ್ಬೆರಳು ಸವೆದಿದೆ, ರೇಷನ್ ಅಂಗಡಿಯ ಮಿಷನ್ನಿಗೂ ಗುರುತು ಬೀಳುವುದಿಲ್ಲ. ಆ ಬೆರಳಿಗೂ ಅದು ಒರಟಾಗಿ ಹತ್ತಿತು. ಜೀವಮಾನವೆಲ್ಲ ನಾನು ಕಾಗೆಗೆ ಎಸೆದ ಗಂಟಲ ಕಲ್ಲು ಇದೇ.

ಯಜಮಾನರಿಗೆ ತೋರಿಸಿದೆ. "ಇದ್ರ ಜೋಡಿ ನಿಮ್ ಗಂಟ್ಲಲ್ಲದೆ."

ಅವರು ಅದನ್ನೇ ನೋಡಿದರು. ಎದ್ದು, ಗೂಟದಲ್ಲಿದ್ದ ಶರ್ಟು ತೆಗೆದು ಹಾಕಿಕೊಂಡರು. ಮಗಳು ಆಟೋ ಕರೆಯಲು ಓಡಿದಳು.

ಆಸ್ಪತ್ರೆಯಲ್ಲಿ ಕತ್ತಿನ ಎಕ್ಸ್‌ರೇ ತೆಗೆದರು. ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಫೋಟೋವನ್ನು ಬೆಳಕಿಗೆ ಹಿಡಿದು ತೋರಿಸಿದರು. ಕತ್ತಿನ ಮೂಳೆಗಳ ಮುಂದೆ ಬೆಳ್ಳಗೆ ಒಂದು ಚೂರು. ಮೊಮ್ಮಗಳು ಪ್ಲಾಸ್ಟಿಕ್ ಕವರಿನಿಂದ ಅದರ ಜೋಡಿಯನ್ನು ತೆಗೆದು ಮೇಜಿನ ಮೇಲಿಟ್ಟಳು. ಡಾಕ್ಟರಮ್ಮ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ತಂದಿದ್ದು ಒಳ್ಳೇದಾಯ್ತು. ಯಾವ ಕಡೆ ಚೂಪು ಅಂತ ಗೊತ್ತಾಯ್ತು," ಎಂದರು. ಆಮೇಲೆ ನಮ್ಮ ಕಡೆ ತಿರುಗಿದರು.

"ಸಿಕ್ಕಿದ್ಮೇಲೆ ಏನಾದ್ರೂ ತಿಂದ್ರಾ?"

"ಮುದ್ದೆ," ಎಂದೆ.

ಅವರು ಪೆನ್ನು ಕೆಳಗಿಟ್ಟರು. "ನೀವು ಈ ಕಡೆಯವರೆಲ್ಲ ಇದನ್ನೇ ಮಾಡ್ತೀರ ಕಣಮ್ಮ. ಮುದ್ದೆ ಅದನ್ನ ಕೆಳಗೆ ತಳ್ಳಲ್ಲ. ಗೋಡೆಗೆ ಹೊಡೆಯುತ್ತೆ, ಮೊಳೆ ಹೊಡೆದಂಗೆ. ಅನ್ನನಾಳ ತೂತಾದ್ರೆ ಕೀವು ಎದೆಗೆ ಇಳಿಯುತ್ತೆ. ಆಮೇಲೆ ನಮ್ಮ ಕೈಲಿಲ್ಲ. ತೂತಾಗಿದ್ಯೋ ಇಲ್ವೋ ಒಳಗೆ ನೋಡಿದ್ಮೇಲೇ ಹೇಳೋದು."

ಇವತ್ತೇ ಮತ್ತು ಕೊಟ್ಟು ಬಾಯಿಂದ ಕೊಳವೆ ಇಳಿಸಿ ತೆಗೆಯಬೇಕು ಎಂದರು. ವಯಸ್ಸಾಗಿದೆ, ಹೇಳುವುದಕ್ಕೆ ಬರುವುದಿಲ್ಲ ಎಂದೂ ಅಂದರು. ಮಗಳು ಅತ್ತಳು. ನಾನು ಸರಿ ಅಂದೆ. ಬೇರೆ ಏನು ಅನ್ನಲಿ?

ಒಳಗೆ ಕರೆದುಕೊಂಡು ಹೋಗುವ ಮುಂಚೆ ನರ್ಸು ಅವರ ಬಾಯಿಂದ ಸೆಟ್ ತೆಗೆಸಿ, ಒಂದು ಕವರಿಗೆ ಹಾಕಿ ನನ್ನ ಕೈಗೆ ಕೊಟ್ಟಳು. ಬಾಗಿಲು ಮುಚ್ಚಿತು. ಮಗಳು ಔಷಧಿ ತರಲು ಕೆಳಗೆ ಹೋದಳು. ನಾನೂ ಮೊಮ್ಮಗಳೂ ಬೆಂಚಿನ ಮೇಲೆ ಕೂತೆವು. ಯಜಮಾನರ ಹಲ್ಲು ನನ್ನ ಮಡಿಲಲ್ಲಿ. ಮೀನಿನ ಹಲ್ಲು ಅವರ ಗಂಟಲಲ್ಲಿ.

"ನಾನು ಆ ಮಾತು ಎತ್ತಬಾರ್ದಿತ್ತು ಅಜ್ಜಿ," ಎಂದು ಅವಳು ಮತ್ತೆ ಶುರು ಮಾಡಿದಳು.

"ನೀನ್ ಎತ್ತಿದ್ಕೆ ಏನೂ ಆಗ್ಲಿಲ್ಲ. ಅವ್ರು ನುಂಗಿದ್ಕೆ ಆಯ್ತು. ಅಳೋದ್ ಬುಡು. ಮೀನಿಗೆ ಅಲ್ಯಾಕೆ ಹಲ್ಲು ಬಂತು ಹೇಳು."

ತಿಳಿದುಕೊಳ್ಳಬೇಕು ಎಂದು ಕೇಳಿದ್ದಲ್ಲ. ಅವಳ ಬಾಯಿಗೆ ಬೇರೆ ಕೆಲಸ ಬೇಕಿತ್ತು, ನನ್ನ ಕಿವಿಗೂ. ಆದರೆ ಹೇಳುತ್ತ ಹೋದಂತೆ ಕೇಳಿದೆ. ನನಗೆ ಅರ್ಥವಾದಷ್ಟು ಬರೆಯುತ್ತೇನೆ.

ಬಲು ಹಿಂದೆ ಮೀನಿಗೆ ದವಡೆಯೇ ಇರಲಿಲ್ಲವಂತೆ. ಬಾಯಿ ಅಂದರೆ ಒಂದು ತೂತು. ಮೈಯೊಳಗೆ ಈಗಿನ ಹಾಗೆ ಗಟ್ಟಿ ಮೂಳೆಯೂ ಇಲ್ಲ. ನಮ್ಮ ಕಿವಿ ಮಡಚಿದರೆ ಮಡಚಿಕೊಳ್ಳುತ್ತದಲ್ಲ, ಅಂಥ ಮೆತ್ತನೆಯದು. ಕೆಲವು ಮೀನಿಗೆ ಗಟ್ಟಿ ಮೊದಲು ಬಂದದ್ದು ಹೊರಗೆ, ಚರ್ಮದ ಮೇಲೆ. ಸಣ್ಣ ಸಣ್ಣ ಗುಬುಟು, ತಗಡು, ಗುರಾಣಿ ತೊಟ್ಟ ಹಾಗೆ. ಆ ಗುಬುಟನ್ನು ಸೀಳಿ ನೋಡಿದರೆ ನಮ್ಮ ಹಲ್ಲಿನ ಒಳಗೆ ಇರುವುದೇ ಇದೆಯಂತೆ. ನಡುವೆ ಮೆತ್ತನೆ ತಿರುಳು, ಸುತ್ತ ಗಟ್ಟಿ, ಅದರ ಮೇಲೆ ಇನ್ನೂ ಗಟ್ಟಿ. ಶಾರ್ಕಿನ ಚರ್ಮ ಈಗಲೂ ಹಾಗೇ, ಮೈಯೆಲ್ಲ ಸಣ್ಣ ಹಲ್ಲು, ಬಾಲದ ಕಡೆಯಿಂದ ಕೈ ಸವರಿದರೆ ಉಪ್ಪುಕಾಗದ ಮುಟ್ಟಿದ ಹಾಗೆ. ಬಾಯಲ್ಲಿ ಅಷ್ಟು ಹಲ್ಲಿದ್ದರೂ ಶಾರ್ಕಿನ ಮೈಯಲ್ಲಿ ಗಟ್ಟಿ ಮೂಳೆ ಇಲ್ಲ, ಎಲ್ಲ ಮೆತ್ತನೆಯದೇ.

"ಅದು ಹಿಂದುಳ್ಕಂಡು ಬುಡ್ತ?" ಎಂದೆ.

"ಮುಂಚೆ ಹಂಗೇ ಅನ್ಕೊಂಡಿದ್ರು ಅಜ್ಜಿ. ಈಗ ಅದರ ಹಿಂದಿನವ್ರಿಗೆ ಮೂಳೆ ಇತ್ತು, ಆಮೇಲೆ ಬಿಟ್ಬಿಡ್ತು ಅಂತಾರೆ."

ಇದು ನನಗೆ ಹಿಡಿಸಿತು. ಬೇಡವಾದದ್ದನ್ನು ಬಿಡುವುದು ಎಲ್ಲರಿಗೂ ಬರುವುದಿಲ್ಲ.

ಹಲ್ಲು ಬಾಯೊಳಗೆ ಬಂದದ್ದು ಹೇಗೆ ಎನ್ನುವುದರಲ್ಲಿ ಓದಿದವರಲ್ಲೇ ಜಗಳ ಇದೆಯಂತೆ. ಚರ್ಮದ ಗುಬುಟು ತುಟಿ ದಾಟಿ ಒಳಗೆ ನಡೆದು ಬಂತು ಎಂದು ಒಂದು ಗುಂಪು. ಅಲ್ಲ, ಮೊದಲು ಗಂಟಲಲ್ಲೇ ಹುಟ್ಟಿ ಅಲ್ಲಿಂದ ಬಾಯಿಗೆ ಬಂತು ಎಂದು ಇನ್ನೊಂದು ಗುಂಪು. ಮುಂಬಾಗಿಲೋ ಹಿತ್ತಿಲ ಬಾಗಿಲೋ ಇನ್ನೂ ತೀರ್ಮಾನ ಆಗಿಲ್ಲ. "ನಿಮ್ ತಾತನ್ನ ಕೇಳ್ಬೇಕು," ಎಂದೆ. "ಅವ್ರಿಗೆ ಎರಡು ಬಾಗಿಲೂ ಗೊತ್ತು." ಅವಳು ಮೂಗೊರೆಸಿಕೊಂಡು ನಕ್ಕಳು.

ಗೆಂಡೆಯ ವಿಷಯಕ್ಕೆ ಬಂದರೆ, ಅದರ ಹಿಂದಿನವರಿಗೆ ಬಾಯಲ್ಲೂ ಹಲ್ಲಿತ್ತು. ಕೆಸರು ಹೀರಿ, ಹುಳು ಹುಪ್ಪಟೆ, ಕಾಳು, ಬಸವನಹುಳು ತಿನ್ನುವುದಕ್ಕೆ ಹೀರುವ ಬಾಯೇ ಸಾಕಾಯಿತೋ ಏನೋ, ಬಾಯಿಯ ಹಲ್ಲು ಹೋಯಿತು. ಗಂಟಲಿನದು ಉಳಿಯಿತು. ಕಿವಿರನ್ನು ಹೊತ್ತ ಕಮಾನುಗಳಿರುತ್ತವಲ್ಲ, ಅವುಗಳಲ್ಲಿ ಕೊನೆಯ ಜೋಡಿಯೇ ಹಲ್ಲು ಹೊತ್ತ ಮೂಳೆಯಾಯಿತು. ಮೇಲೆ ಬುರುಡೆಯ ತಳದಲ್ಲಿ ಒಂದು ಗಟ್ಟಿ ಬಿಲ್ಲೆ ಇರುತ್ತದೆ. ಅದರ ಮೇಲೆ ಇದನ್ನು ಒತ್ತಿ ಅರೆಯುವುದು. ಒರಳು ಗುಂಡು ಇದ್ದ ಹಾಗೆ.

"ಮರಿಯಲ್ಲೇ ಇರ್ತದಾ?" ಎಂದು ಕೇಳಿದೆ. ನಾವು ಸಣ್ಣ ಮೀನನ್ನು ಇಡಿಯಾಗಿ ಹುರಿದು ತಿನ್ನುತ್ತೇವೆ, ಯಾವತ್ತೂ ಗಂಟಲಿಗೆ ಸಿಕ್ಕಿಲ್ಲ.

ಮೊಟ್ಟೆಯಿಂದ ಬಂದಾಗ ಎಲ್ಲ ಮೆತ್ತಗೆ ಎಂದಳು. ಮೊದಲು ಮೆತ್ತನೆ ಅಚ್ಚು ಆಗುತ್ತದೆ, ಆಮೇಲೆ ಅದರಲ್ಲಿ ಸುಣ್ಣ ಕೂತು ಮೂಳೆಯಾಗುತ್ತದೆ. ತಲೆಯ ಮೇಲಿನ ತಗಡು, ಕೆನ್ನೆಯ ಮುಚ್ಚಳ ಇಂಥವಕ್ಕೆ ಅಚ್ಚೂ ಬೇಡ, ಚರ್ಮದಡಿಯಲ್ಲೇ ನೇರ ಮೂಳೆ ಕಟ್ಟುತ್ತದೆ. ಗಂಟಲಲ್ಲಿ ಹಲ್ಲು ಮಾತ್ರ ಬೇಗ ಮೊಳೆಯುತ್ತದೆ. ಒಳಚರ್ಮ ಒಂದು ಕಡೆ ಒಳಕ್ಕೆ ಗುಳಿ ಬೀಳುತ್ತದೆ, ಅದರ ಕೆಳಗೆ ಮೆತ್ತನೆಯದು ಬಂದು ಗುಂಪು ಸೇರುತ್ತದೆ, ಮೊಗ್ಗಿನ ಹಾಗೆ. ತುದಿ ಮೊದಲು ಗಟ್ಟಿಯಾಗುತ್ತದೆ, ಬುಡ ಆಮೇಲೆ ಮೂಳೆಗೆ ಅಂಟಿಕೊಳ್ಳುತ್ತದೆ. ನಮ್ಮ ಮಕ್ಕಳಿಗೂ ವಸಡಿನೊಳಗೆ ಶುರುವಾಗುವುದು ಹೀಗೆಯೇ. ಬೇರು ಮಾತ್ರ ಬೇರೆ ಥರ. ಇವಳಿಗೆ ಮೊದಲ ಹಲ್ಲು ಬರುವಾಗ ಜ್ವರ ಬಂದು ಮನೆಯವರೆಲ್ಲ ನಿದ್ದೆ ಕೆಟ್ಟದ್ದು ನನಗೆ ನೆನಪಾಯಿತು. 

ಬಾಗಿಲು ತೆಗೆಯಿತು. ಡಾಕ್ಟರಮ್ಮ ಮುಖಕ್ಕೆ ಕಟ್ಟಿದ್ದನ್ನು ಕೆಳಗೆ ಎಳೆದುಕೊಂಡು ಬಂದರು. ಕೈಯಲ್ಲಿ ಸಣ್ಣ ಡಬ್ಬಿ. ನಾನು ಡಬ್ಬಿ ನೋಡಲಿಲ್ಲ, ಅವರ ಮುಖ ನೋಡಿದೆ.

"ಬಂತು. ಮೇಲೆ ಮುದ್ದೆ ಕೂತಿತ್ತು, ಅದನ್ನ ತೆಗೆಯೋದೇ ದೊಡ್ಡ ಕೆಲಸ ಆಯ್ತು. ಗೋಡೆ ಗೀಚಿದೆ, ತೂತಾಗಿಲ್ಲ. ಸ್ವಲ್ಪ ದಿನ ಮೂಗಲ್ಲಿ ಹಾಕಿರೋ ಟ್ಯೂಬಿಂದಾನೇ ಊಟ," ಎಂದರು.

ಮೊಮ್ಮಗಳು ನನ್ನ ಹೆಗಲಿಗೆ ಒರಗಿದಳು. ಬಿಸಿಯಾಗಿದ್ದಳು. ಎದ್ದು ಹೋಗಿ ಅಮ್ಮನಿಗೆ ಹೇಳಿ ಬಾ ಎಂದು ಕಳಿಸಿದೆ. ಅವಳು ಹೋದ ಮೇಲೆ ನನ್ನ ಕೈ ನೋಡಿಕೊಂಡೆ. ಕವರಿನೊಳಗಿನ ಸೆಟ್ಟನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದೆ ಅಂದರೆ ಅಂಗೈಯಲ್ಲಿ ಹಲ್ಲಿನ ಸಾಲು ಮೂಡಿತ್ತು.

ಕೊಟ್ಟಿದ್ದ ಮತ್ತು ಇಳಿದು ಯಜಮಾನರು ಕಣ್ಣು ಬಿಟ್ಟಾಗ ಮೂಗಿಗೆ ಟ್ಯೂಬು, ಬಾಯಿ ಬೊಚ್ಚು. ಮೊಮ್ಮಗಳು ಡಬ್ಬಿ ಹಿಡಿದು ತೋರಿಸಿದಳು. ಮಾತಾಡಬೇಡಿ ಎಂದು ಡಾಕ್ಟರಮ್ಮ ಹೇಳಿದ್ದರು. ಇವರು ಕೇಳುವವರೇ?

"ಇದು ನಂದೇ," ಎಂದರು, ಗಾಳಿಯ ಹಾಗೆ. "ನನ್ ದವಡೆ ಹಲ್ಲು. ಎಂದೋ ನುಂಗಿದ್ದೆ."

ಅವಳು ಕವರಿನಲ್ಲಿದ್ದ ಜೋಡಿಯನ್ನು ತೆಗೆದು ಡಬ್ಬಿಯ ಮುರಿದ ಚೂರಿನ ಪಕ್ಕ ಹಿಡಿದಳು. ಒಂದು ಎಡ, ಒಂದು ಬಲ. ಎದುರುಬದುರು ಹಿಡಿದರೆ ಕೈಮುಗಿದ ಹಾಗೆ ಕೂತವು. ಯಜಮಾನರು ಅದನ್ನು ನೋಡಿದರು, ಅವಳ ಊದಿದ ಕಣ್ಣು ನೋಡಿದರು.

"ಸರಿ ಬುಡು," ಎಂದರು.

ನಾನು ಸೆಟ್ಟಿನ ಕವರನ್ನು ಮೊಮ್ಮಗಳ ಕೈಗೆ ಕೊಟ್ಟೆ. "ತಗೋ. ಗೆದ್ದೆ. ನಿಂದು."

"ಥೂ ಅಜ್ಜಿ!" ಎಂದು ಅವಳು ಕೈ ಹಿಂದೆಳೆದುಕೊಂಡಳು. ಪಕ್ಕದ ಮಂಚದವರೆಲ್ಲ ತಿರುಗಿ ನೋಡಿದರು. ಯಜಮಾನರು ನಗಲು ಹೋದರು, ನೋವಾಯಿತು, ನಿಲ್ಲಿಸಿದರು.

ಇದಾಗಿ ಬಹಳ ದಿನವಾಗಿಲ್ಲ. ಅವರು ಗೆಂಡೆ ಬಿಟ್ಟಿಲ್ಲ. ಬಿಡಿ ಎಂದು ನಾನೂ ಹೇಳಲಿಲ್ಲ. ಮೀನು ತಿನ್ನುವಾಗ ಸೆಟ್ ತೆಗೆದು ಪಕ್ಕಕ್ಕಿಡುತ್ತಾರೆ, ಬರಿ ವಸಡಿಗೆ ಮುಳ್ಳು ಗೊತ್ತಾಗುತ್ತದೆ ಎಂದು. ಅಂಗಡಿಯವನಿಗೆ ಈಗಲೂ ಗಂಟಲು ಕೀಳಬೇಡ ಅನ್ನುತ್ತಾರೆ. ತಂದು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಆ ಎರಡು ಮೂಳೆಗಳನ್ನು ತಾವೇ ಬಿಡಿಸುತ್ತಾರೆ, ಬಸ್ಸಿನ ಇಂಜಿನ್ ಬಿಚ್ಚಿದವರಿಗೆ ಅದು ಕಷ್ಟವಲ್ಲ. ತೊಳೆದು ಮಗಳ ಮಿಷನ್ನಿನ ಪಕ್ಕದ ಕಿಟಕಿಯಲ್ಲಿ ಒಣಗಲು ಇಡುತ್ತಾರೆ. ಮೊಮ್ಮಗಳು ಕಾಲೇಜಿಗೆ ಒಯ್ಯುತ್ತಾಳೋ ಎಸೆಯುತ್ತಾಳೋ ಕೇಳುವುದಿಲ್ಲ. ಬಟ್ಟೆ ಹೊಲಿಸಲು ಬಂದ ಹೆಂಗಸರು ಅದೇನು ಎಂದು ಕೇಳಿದರೆ ಮಗಳಿಗೆ ನಾಚಿಕೆ.

ಮೀನಿನ ದಿನ ಮುದ್ದೆ ಮಾತ್ರ ನಾನು ತೊಳಸುವುದಿಲ್ಲ. ಮುದ್ದೆ ಸೊಪ್ಪಿನ ಸಾರಿಗೆ. ಭಾನುವಾರ ಅವರು ತಟ್ಟೆ ಮುಂದೆ ಕೂತು, "ಏನೇ, ಮುದ್ದೆ ಇಲ್ವ?" ಎಂದು ಪ್ರತಿ ಸಲವೂ ಕೇಳುತ್ತಾರೆ. ನಾನು ಅನ್ನ ಬಡಿಸುತ್ತೇನೆ. ಅಗಿಯುವುದಕ್ಕೆ ಹೊತ್ತು ಹಿಡಿಯುತ್ತದೆ. ಕೂತು ಅಗಿಯುತ್ತಾರೆ.